ದೇವರ ಜಗಲಿಯ ರಿಮೋಟ್

ಜುಗೂಳದ ಕಬ್ಬಿನ ರೈತರೊಬ್ಬರಿಂದ ನಾನು ಕೊಂಡ ಹಳೆ ಕಾರಿಗೆ ರಿಮೋಟ್ ಇರಲಿಲ್ಲ. "ಕಳದೈತ್ರಿ" ಅಂದಿದ್ದರು. ಹೊಸದು ಮಾಡಿಸಲು ಹೋದರೆ ನಿಪ್ಪಾಣಿಯ ಕೀಲಿಯವನು, "ಹೊಸಾದು ಜೋಡಿಸಿದ್ರ ಹಳೇದು ಸಾಯ್ತೈತ್ರಿ. ಇನ್ನೊಮ್ಮೆ ಹುಡುಕಿಸ್ರಿ" ಅಂದ.

ಸರಿ, ಜುಗೂಳಕ್ಕೆ ಹೋದೆ. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅಂಗಳದಲ್ಲಿ ನಿಲ್ಲಿಸಿದ್ದ ನನ್ನ ಕಾರು ತಾನಾಗಿಯೇ ಕುಂಯ್ ಎಂದು ದೀಪ ಮಿಣುಕಿಸಿತು. ಕಾರು ಮಾರಿದ ಯಜಮಾನರು ಚಹಾದ ಬಸಿಯ ಹಿಂದೆ ಮುಖ ಮುಚ್ಚಿಕೊಂಡರು.

ದೇವರ ಮನೆಯಿಂದ ಅವರ ತಾಯಿ ಕುಂಕುಮದ ಬೆರಳಿನಲ್ಲೇ ಓಡಿಬಂದರು. "ಗಾಡಿ ಬಂತೇನೋ? ಇಷ್ಟ ದಿನ ಕುಂಕುಮ ಹಚ್ಚಿದ್ರೂ ಓ ಅಂದಿರ್ಲಿಲ್ಲ ನೋಡ!"

ಒಳಗೆ ಇಣುಕಿದೆ. ದೇವರ ಜಗಲಿಯ ಮೇಲೆ, ಮೂರ್ತಿಗಳ ಪಕ್ಕ, ರಿಮೋಟ್ ಅರಿಷಿಣ ಮೆತ್ತಿಕೊಂಡು ಕೂತಿತ್ತು. ಸರಿಯಾಗಿ ಗುಂಡಿಯ ಮೇಲೇ ಕುಂಕುಮ.

"ಗಾಡಿ ಪೂಜಾದಾಗ ಅವ್ವ ಇಟ್ಟಾಳ್ರಿ. ದೇವರ ಮುಂದಿಟ್ಟದ್ದು ಮಾರಬಾರ್ದು ಅಂತಾಳ. ಅದಕ್ಕ ಸುಳ್ಳ ಹೇಳಿದ್ನಿ" ಎಂದು ಯಜಮಾನರು ಪಿಸುಗುಟ್ಟಿದರು.

ರಿಮೋಟ್ ಕೊಡಿ ಎಂದು ನಾನು ಕೇಳಲಿಲ್ಲ. ಅಜ್ಜಿಯ ರಿಮೋಟ್ ಸತ್ತೀತೆಂದು ಹೊಸದನ್ನೂ ಮಾಡಿಸಲಿಲ್ಲ. ಈಗಲೂ ಮಳೆಯಿರಲಿ ಬಿಸಿಲಿರಲಿ, ಬಾಗಿಲಿಗೆ ಕೀಲಿ ತುರುಕಿ ತಿರುವುತ್ತೇನೆ. ಜುಗೂಳಕ್ಕೆ ಹೋದಾಗ ಮಾತ್ರ ಆ ಕೆಲಸ ನನ್ನದಲ್ಲ. ಪೂಜೆಯ ಹೊತ್ತಿಗೆ ಅಜ್ಜಿಯೇ ಲಾಕ್ ಮಾಡುತ್ತಾರೆ.