ಒಂದು ಲೀಟರ್ ನೀರು

ನನ್ನ ಬಾಯಿ ಜೋರು. ನರ್ಸ್ ಆಗಿದ್ದಷ್ಟು ವರ್ಷವೂ ಬೈದೂ ಬೈದೂ ಎಷ್ಟೋ ಮಕ್ಕಳನ್ನು ಉಳಿಸಿದೆ ಅಂತ ಜಂಬ ಕೊಚ್ಚಿಕೊಂಡವಳು ನಾನು. ಈ ಒಂದು ಮಗುವಿನ ವಿಷಯ ಮಾತ್ರ ಮನೆಯಲ್ಲೂ ಹೇಳಿಲ್ಲ.

ಆಗ ಭೀಮರಾಯನಗುಡಿಯಿಂದ ದೋರನಹಳ್ಳಿ ಕಡೆಗೆ ಕಾಲುವೆ ಅಗೆಯುತ್ತಿದ್ದರು. ಅಗೆಯುವವರು ಪಾಲಮೂರು ಕಡೆಯಿಂದ ಸಂಸಾರ ಸಮೇತ ಬಂದು, ನಮ್ಮ ಮಾತೂ ಕಲಿತಿದ್ದ ತೆಲುಗರು. ಕಾಲುವೆ ಮುಂದೆ ಹೋದಂತೆ ಅವರ ಗುಡಿಸಲುಗಳೂ ಮುಂದೆ ಹೋಗುತ್ತಿದ್ದವು. ಹಾಗಾಗಿ ಅವರ ಮಕ್ಕಳ ಹೆಸರು ಯಾವ ಊರಿನ ರಜಿಸ್ಟರಿನಲ್ಲೂ ಇರಲಿಲ್ಲ. ಕೇಳಿದರೆ, “ಅವ್ರು ನಮ್ಮ ಹದ್ದಿನಾಗ ಬರಲ್ರಿ” ಅಂತ ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಭಾನುವಾರದ ರಜೆಯಲ್ಲಿ ಔಷಧಿ ಚೀಲ ಹೆಗಲಿಗೇರಿಸಿಕೊಂಡು ನಾನೇ ಹೋಗತೊಡಗಿದೆ. ‘ಬೈಯೋ ಅಕ್ಕ ಬಂದ್ಲು’ ಅಂತ ಅಲ್ಲಿನ ಮಕ್ಕಳು ಕೂಗಿ ಓಡುತ್ತಿದ್ದರು.

ಗುಂಡಿಯ ನೀರು ಕುಡಿದು ಮಕ್ಕಳಿಗೆಲ್ಲ ಭೇದಿ ಹತ್ತಿತ್ತು. ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ ಹಂಚಿದ್ದೆ. ಒಬ್ಬ ತಾಯಿ ಒಂದು ಲೋಟ ನೀರಿಗೇ ಇಡೀ ಪೊಟ್ಟಣ ಸುರಿದು ತನ್ನ ವರ್ಷ ತುಂಬದ ಕೂಸಿಗೆ ಕುಡಿಸುತ್ತಿದ್ದಳು. ಅಷ್ಟು ಗಟ್ಟಿಯಾದರೆ ಅಪಾಯ. ಎಲ್ಲರೆದುರೇ ಹರಿಹಾಯ್ದೆ.

“ಎಷ್ಟ್ ಸಲ ಹೇಳ್ಬೇಕವ್ವಾ ನಿನಗ? ಒಂದು ಲೀಟರ್ ಅಂದ್ರ ಒಂದು ಲೀಟರ್! ಅಳತಿ ತಪ್ಪಿದ್ರ ಕೂಸು ಸಾಯ್ತದ!”

ಅವಳು ಲೋಟ ಹಿಡಿದುಕೊಂಡೇ, “ಲೀಟರ್ ಅಂದ್ರ ಎಷ್ಟಕ್ಕಾ?” ಅಂದಳು.

“ಯಾರನ್ನಾದ್ರೂ ಕೇಳಿ ತಿಳ್ಕೋ” ಅಂತ ರೇಗಿ ಪಕ್ಕದ ಗುಡಿಸಲಿಗೆ ನಡೆದೆ. ಬಿಸಿಲು ಏರಿತ್ತು, ಇನ್ನೂ ಹತ್ತು ಗುಡಿಸಲು ಬಾಕಿ ಇದ್ದವು.

ಮುಂದಿನ ಭಾನುವಾರ ಅವಳೇ ಕೂಸನ್ನೆತ್ತಿಕೊಂಡು ಓಡಿಬಂದಳು. ಕೂಸಿನ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಇದು ಭೇದಿಯಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು.

“ಏನ್ ಕುಡಿಸೀದಿ?”

ಅವಳು ಗುಡಿಸಲಿನಿಂದ ಒಂದು ಡಬ್ಬಿ ತಂದಳು. ಹತ್ತಿಗೆ ಹೊಡೆಯುವ ಕೀಟನಾಶಕದ ಖಾಲಿ ಡಬ್ಬಿ. ಯಾರದೋ ಹೊಲದ ಬದುವಿನಲ್ಲಿ ಬಿದ್ದಿತ್ತಂತೆ.

“ಲೀಟರ್ ಎಷ್ಟಂತ ಮೇಸ್ತ್ರಿಗಿ ಕೇಳಿದ್ನಕ್ಕಾ. ಇಂಥಾ ಡಬ್ಬಿ ತುಂಬ ಅಂದ. ಹುಡುಕಿ ತಂದು ಬೂದಿ ಹಚ್ಚಿ ಮೂರು ಸಲ ತಿಕ್ಕೀನಿ. ಈ ಸಲ ಅಳತಿ ತಪ್ಪಿಲ್ಲ.”

ಮೂಗಿಗೆ ಹಿಡಿದೆ. ವಾಸನೆ ಇನ್ನೂ ಇತ್ತು.

ಟ್ರ್ಯಾಕ್ಟರ್ ಹತ್ತಿ ಶಹಾಪುರದ ಆಸ್ಪತ್ರೆಗೆ ಹೊರಟೆವು. ಊರು ಕಾಣುವ ಮೊದಲೇ ಕೂಸು ನನ್ನ ತೊಡೆಯ ಮೇಲೆ ಹೋಯಿತು. ಅಯ್ಯೋ, ಎಷ್ಟು ಹಗುರವಾಗಿತ್ತು!

ಕಾಲುವೆಯ ದಂಡೆಯಲ್ಲೇ ಮಣ್ಣು ಮಾಡಿದರು. ನಾನು ಸುಮ್ಮನೆ ಎದ್ದು ಹೋಗಬಹುದಿತ್ತು. ಕೂಸು ಯಾತರಿಂದ ಹೋಯಿತು ಅಂತ ಅವಳಿಗೆ ಗೊತ್ತಿರಲಿಲ್ಲ. ಆದರೆ ಅವಳ ದೊಡ್ಡ ಮಗಳು ಅದೇ ಡಬ್ಬಿ ಹಿಡಿದು ನೀರಿನ ಕೊಡದ ಕಡೆ ಹೋಗುತ್ತಿದ್ದಳು. ಓಡಿಹೋಗಿ ಕಸಿದುಕೊಂಡೆ.

“ಇದ್ರಾಗ ವಿಷ ಇತ್ತವ್ವಾ. ಎಷ್ಟ್ ತಿಕ್ಕಿದ್ರೂ ಹೋಗಂಗಿಲ್ಲ” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವಳು ಬಯ್ಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಒಳಗೆ ಹೋಗಿ ಆ ಹಳೆಯ ಲೋಟ ತಂದು ನನ್ನ ಮುಂದೆ ಹಿಡಿದಳು.

“ಇದ್ರಾಗ ಎಷ್ಟ್ ಲೋಟ ಆಗ್ತಿತ್ತಕ್ಕಾ, ಒಂದು ಲೀಟರ್?”

“ಐದು” ಅಂದೆ.