ಗೆಜ್ಜೆ ಕಟ್ಟಿದ ನೇಲ್ ಕಟರ್

ಸ್ಕೂಟರ್ ಕೀ ಕೊಟ್ಟೆ. ಹಿನಕಲ್‌ನ ಗ್ಯಾರೇಜಿನ ನರೆಗೂದಲಿನ ಮೆಕ್ಯಾನಿಕ್ ಗಾಡಿ ನೋಡುವುದು ಬಿಟ್ಟು ಕೀ ಗೊಂಚಲನ್ನೇ ನೋಡುತ್ತ ನಿಂತರು. ಅದರಲ್ಲಿ ಹೋದ ವರ್ಷ ತೀರಿಕೊಂಡ ನನ್ನ ತಾತನ ನೇಲ್ ಕಟರ್ ಇದೆ, ಅದಕ್ಕೊಂದು ಪುಟ್ಟ ಗೆಜ್ಜೆ.

"ಇದು ನಮ್ಮ ಪ್ರೈಮರಿ ಸ್ಕೂಲ್ ಮೇಷ್ಟ್ರದ್ದಲ್ವೇನಮ್ಮಾ? ಸೋಮವಾರ ಪ್ರೇಯರ್ ಆದ್ಮೇಲೆ ಹಿಂಗೆ ನಿಂತ್ಕೊತಿದ್ವಿ. ಅಳೋರ ಮುಂದೆ ಗೆಜ್ಜೆ ಅಲ್ಲಾಡಿಸಿ, ನಗೋದ್ರೊಳಗೆ ಉಗುರು ಕತ್ತರಿಸ್ಬುಡೋರು" ಎನ್ನುತ್ತ ಗ್ರೀಸ್ ಮೆತ್ತಿದ ಎರಡೂ ಕೈ ನನ್ನ ಮುಂದೆ ಚಾಚಿದರು. ಉಗುರೆಲ್ಲ ಒಪ್ಪವಾಗಿ ಕತ್ತರಿಸಿಕೊಂಡಿದ್ದರು.

"ನಾನು ಅವರ ಮೊಮ್ಮಗಳು" ಎಂದೆ.

ಭಾನುವಾರ ತಾತ ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಉಗುರು ಕತ್ತರಿಸುತ್ತಿದ್ದರು. ಆ ಗೆಜ್ಜೆಯನ್ನು ನಾನು ಅಳದಿರಲೆಂದೇ ಕಟ್ಟಿದ್ದರೆಂದು ಇಷ್ಟು ವರ್ಷ ನಂಬಿದ್ದೆ. ಅಲ್ಲವೆಂದು ತಿಳಿದರೂ ಬೇಸರವಾಗಲಿಲ್ಲ. ಮನೆಗೆ ಬರುವಾಗ ಅದೇ ಗೆಜ್ಜೆಗೆ ನಕ್ಕ ಒಬ್ಬ ಅಣ್ಣ ಸಿಕ್ಕಂತಿತ್ತು.