ಗಂಡಭೇರುಂಡ ಯಾವ ಪ್ಯಾಕೆಟ್ಟಿನಲ್ಲಿ?

ಶುಕ್ರವಾರ, ಬೆಳಗಿನ ಆರು ಗಂಟೆ. ಬಾಪೂಜಿ ನಗರದ ಅಡ್ಡರಸ್ತೆಯೊಂದರ ಪ್ಯಾಕಿಂಗ್ ಶೆಡ್ಡಿನಲ್ಲಿ ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಮಿಣುಕುತ್ತಿದೆ. ಅದು ಹತ್ತುವವರೆಗೆ ಕಾಯುವ ಪುರುಸೊತ್ತು ದುರ್ಗವ್ವನವರಿಗಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೋರುಬೆರಳಿಗೆ ರಬ್ಬರಿನ ಟೊಪ್ಪಿಗೆ ತೊಡಿಸಿ ಉದ್ದನೆಯ ಮೇಜಿನ ಸುತ್ತ ನಡೆಯತೊಡಗಿದ್ದಾರೆ. ಮೇಜಿನ ತುಂಬಾ ಕಾರ್ಡುಗಳ ಗುಡ್ಡೆ. ಕೋರೆಹಲ್ಲಿನ ರಕ್ಕಸರು, ಗಡ್ಡದ ಮಾಂತ್ರಿಕರು, ಬೆಂಕಿ ಉಗುಳುವ ಮೊಸಳೆ, ಮೂರು ಕಣ್ಣಿನ ಕುದುರೆ. ಗುಡ್ಡೆಗೊಂದರಂತೆ ಎತ್ತಿಕೊಂಡು ಒಂದು ಸುತ್ತು ಬಂದರೆ ಎಂಟು ಕಾರ್ಡಿನ ಒಂದು ಪ್ಯಾಕೆಟ್ಟಾಯಿತು. ಎಂಟೂವರೆಗೆಲ್ಲಾ ಕರೆಂಟು ಕೈಕೊಡುತ್ತದೆ, ಅಷ್ಟರೊಳಗೆ ಕವರಿನ ಬಾಯಿ ಮುಚ್ಚುವ ಮೆಷಿನ್ನಿನ ಕೆಲಸ ಮುಗಿಯಬೇಕು.

ಸುತ್ತಿನ ಕೊನೆಯ ಮೂಲೆಗೆ ಬಂದಾಗ ಮಾತ್ರ ದುರ್ಗವ್ವನವರ ಕಾಲು ತಡೆಯುತ್ತದೆ. ಅಲ್ಲಿರುವುದು ಚಿನ್ನದ ಬಣ್ಣದಲ್ಲಿ ಮಿರಮಿರ ಹೊಳೆಯುವ ಗಂಡಭೇರುಂಡ. ಪಕ್ಕದಲ್ಲಿ ಕುಳಿತ ಶಂಕ್ರವ್ವ ಅಂಗೈಯಲ್ಲಿ ನಾಲ್ಕು ಹುಣಸೆ ಬೀಜ ಕುಲುಕಿ ಎಸೆಯುತ್ತಾರೆ. ಎರಡು ಬಿಳಿ, ಎರಡು ಕಪ್ಪು. "ಇಲ್ಲ, ನಡಿ," ಎನ್ನುತ್ತಾರೆ. ಹೊಳೆಯುವ ಕಾರ್ಡನ್ನು ಬಿಟ್ಟು, ಅದರ ಪಕ್ಕದ ಗುಡ್ಡೆಯಿಂದ ಒಂದು ಸಾದಾ ಕಾರ್ಡು ಎತ್ತಿಕೊಂಡು ದುರ್ಗವ್ವ ಮುಂದೆ ಹೋಗುತ್ತಾರೆ.

"ಭಾನುವಾರ ದಾಟೂತನಕ ನನಗ ತುತ್ತು ಇಳಿಯಂಗಿಲ್ಲ," ಎನ್ನುತ್ತಾರೆ ಅವರು, ಕೈ ನಿಲ್ಲಿಸದೆ.

ಕಾರ್ಡು ತುಂಬುವ ಕೆಲಸಕ್ಕೆ ಇಷ್ಟೊಂದು ಸಂಕಟವೇ ಎಂದು ಮೂಗು ಮುರಿಯಬೇಡಿ. ವಿಜಯನಗರ, ಬಸವೇಶ್ವರನಗರದ ಕಡೆ ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ 'ಮಾಯಾಕೋಟೆ' ಎಂಬ ಈ ಆಟದ ಹುಚ್ಚು ನಿಮಗೆ ಗೊತ್ತಿರುತ್ತದೆ. ಭಾನುವಾರ ಬಂದರೆ ಅಂಗಡಿಗಳ ಮುಂದೆ ಪಂದ್ಯ. ಈ ಬೇಸಿಗೆ ರಜೆಗೆ ಆಟದ ಕಂಪನಿ ಇದ್ದಕ್ಕಿದ್ದಂತೆ ಕಟ್ಟಳೆಯನ್ನೇ ಬದಲಿಸಿಬಿಟ್ಟಿದೆ. ಹಳೆಯ ಕಾರ್ಡು ಇನ್ನು ಪಂದ್ಯಕ್ಕಿಲ್ಲ, ಮನೆಯಲ್ಲಿ ಆಡಿಕೊಳ್ಳಿ ಅಷ್ಟೇ. ಪಂದ್ಯಕ್ಕೆ ಈಗ ಬಿಟ್ಟಿರುವ ಹೊಸ ಕಂತಿನವೇ ಬೇಕು. ಇಪ್ಪತ್ತನಾಲ್ಕು ಪ್ಯಾಕೆಟ್ಟಿನ ಡಬ್ಬಿಗೆ ಇಷ್ಟೇ ಹೊಳೆಯುವ ಕಾರ್ಡು ಎಂಬ ಖಾತ್ರಿಯನ್ನೂ ಕಂಪನಿ ತೆಗೆದುಹಾಕಿದೆ. ಶೂ ಡಬ್ಬಿಗಟ್ಟಲೆ ಕಾರ್ಡು ಕೂಡಿಟ್ಟ ಮಕ್ಕಳು ಒಂದೇ ದಿನದಲ್ಲಿ ಬರಿಗೈ. ಯಾರ ಕೈಗೆ ಗಂಡಭೇರುಂಡ ಮೊದಲು ಸಿಗುತ್ತದೋ ಅವರದೇ ರಾಜ್ಯ.

ಆ ಕಾರ್ಡನ್ನು ಪ್ಯಾಕೆಟ್ಟಿಗೆ ಹಾಕುವ ಕೈ ಯಾರದು ಎಂದು ಮಾತ್ರ ಯಾವ ಮಗುವೂ ಕೇಳಿಲ್ಲ, ಯಾವ ಅಪ್ಪನೂ ಕೇಳಿಲ್ಲ.

ದುರ್ಗವ್ವ ಕುಷ್ಟಗಿ ಕಡೆಯವರು. ಗಂಡ ಯಲ್ಲಪ್ಪ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಜೊತೆಗೆ ಬಂದರು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುತ್ತಿದ್ದರು. ಅಲ್ಲಿ ಲೈನು ಮುಚ್ಚಿದ ಮೇಲೆ ಮನೆಯಲ್ಲಿ ಊದುಬತ್ತಿ ಹೊಸೆದರು, ಕೆಮ್ಮು ಹಿಡಿಯಿತು. ಕೊನೆಗೆ ಸಿಕ್ಕಿದ್ದು ಈ ಮೇಜು. ಇಲ್ಲಿ ಆರು ಜನ ಹೆಂಗಸರು, ಎಲ್ಲರೂ ಆ ಕಡೆಯವರೇ. ಶೆಡ್ಡಿನ ಮಾಲೀಕ ಪಂಚಾಕ್ಷರಿಯವರು ಕೂಗಾಡುವ ಆಸಾಮಿಯಲ್ಲ, ಆದರೆ ಈಗ ಅವರ ಮುಖವೂ ಬಾಡಿದೆ.

ಆಗಿದ್ದಿಷ್ಟು. ಹಿಂದಿನ ಕಂತಿನಲ್ಲಿ ಹೊಳೆಯುವ ಕಾರ್ಡನ್ನು "ಅಲ್ಲಲ್ಲಿ ಹಾಕಿ" ಎಂದು ಹೇಳಿ ಕಂಪನಿಯವರು ಹೋದರು. ದುರ್ಗವ್ವ ಹಾಕಿದರು. ಹೇಗೆ? ಊರಿನ ಮಠದಲ್ಲಿ ಪಂಕ್ತಿಗೆ ಬಡಿಸಿ ಬೆಳೆದ ಕೈ ಅದು. ಡಬ್ಬಿಯ ಪ್ರತಿ ಸಾಲಿಗೂ ಒಂದು, ಅದೂ ಸರಿಯಾಗಿ ಮೂರನೆಯ ಪ್ಯಾಕೆಟ್ಟಿಗೆ. ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಪಂಗತ್ಯಾಗ ಒಬ್ಬರ ಎಲಿಗೆ ಹುಗ್ಗಿ ಹಾಕಿ ಬಾಜೂದವರ ಎಲಿ ಬಿಟ್ರ ಹೆಂಗ್ರಿ? ಎಲ್ಲಾ ಸಾಲಿಗೂ ಬರ್ಲಿ ಅಂತ ಹಾಕಿದ್ನಿ. ಅದ ತಪ್ಪಾತು."

ತಪ್ಪೇ ಆಯಿತು. ಚಂದ್ರಾ ಲೇಔಟಿನ ರುದ್ರಮುನಿಯವರ ಅಂಗಡಿಯಲ್ಲಿ ಚೇತನಾ ಎಂಬ ಹನ್ನೆರಡರ ಹುಡುಗಿ ಈ ವರಸೆಯನ್ನು ಪತ್ತೆ ಹಚ್ಚಿಬಿಟ್ಟಳು. ಸಾಲಿನ ಮೂರನೆಯದನ್ನೇ ಆರಿಸಿ ಆರಿಸಿ ಕೊಂಡಳು. ಉಳಿದ ಮಕ್ಕಳಿಗೆ ಬರೀ ಜೊಳ್ಳು. ಸುದ್ದಿ ಬೀದಿಬೀದಿ ಹಬ್ಬಿತು, ದೂರು ಕಂಪನಿಗೆ ಹೋಯಿತು. ಇನ್ನೊಂದು ಸಲ ದೂರು ಬಂದರೆ ಹೊಸೂರಿನ ಮೆಷಿನ್ನಿಗೆ ಕೆಲಸ ಕೊಡುತ್ತೇವೆ ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಹಾಗಾದರೆ ಈ ಮೇಜೂ ಇಲ್ಲ, ಆರು ಮನೆಗಳ ಒಲೆಯೂ ಇಲ್ಲ.

"ಮನಸ್ಸಿಗೆ ಬಂದಂಗೆ ಹಾಕಮ್ಮ, ಯೋಚ್ನೆ ಮಾಡ್ಬೇಡ ಅಂದೆ," ಎನ್ನುತ್ತಾರೆ ಪಂಚಾಕ್ಷರಿ. "ಆಮೇಲೆ ಬಿಚ್ಚಿ ನೋಡಿದ್ರೆ ಮತ್ತೆ ಸಾಲಿಗೊಂದು! ಪಾಪ, ಅವರ ಕೈಗೆ ಬೇರೆ ಏನೂ ಬರಲ್ಲ ಸಾರ್."

ದುರ್ಗವ್ವ ಕಣ್ಣು ಮುಚ್ಚಿಕೊಂಡು ಹಾಕಿ ನೋಡಿದರು. ಮಾತಾಡುತ್ತಾ ಹಾಕಿ ನೋಡಿದರು. ಊಹೂಂ. ಸಮವಾಗಿ ಹಂಚುವುದೊಂದೇ ಗೊತ್ತಿದ್ದ ಕೈ ಅಡ್ಡಾದಿಡ್ಡಿ ಹಂಚಲು ಒಲ್ಲೆನೆಂದಿತು. ಒಂದು ಮಧ್ಯಾಹ್ನ ಅವರು ಮೇಜಿಗೆ ತಲೆಯಿಟ್ಟು ಅತ್ತೇಬಿಟ್ಟರು. ಆಗ ಚೌಕಾಬಾರದಲ್ಲಿ ಎತ್ತಿದ ಕೈಯಾದ ಶಂಕ್ರವ್ವ ನಾಲ್ಕು ಹುಣಸೆ ಬೀಜ ತಂದು, ಕಲ್ಲಿಗೆ ಉಜ್ಜಿ ಒಂದು ಮೈ ಬೆಳ್ಳಗೆ ಮಾಡಿದರು. ನಾಲ್ಕೂ ಬಿಳಿ ಅಥವಾ ನಾಲ್ಕೂ ಕಪ್ಪು ಬಿದ್ದರೆ ಗಂಡಭೇರುಂಡ, ಇಲ್ಲದಿದ್ದರೆ ಇಲ್ಲ. "ನಿನ್ನ ಕೈಗ್ಯಾಕ ಕೇಳ್ತಿ? ಬೀಜಕ್ಕ ಕೇಳು," ಎಂದರು.

ಕೆಲಸವೇನೋ ನಿಧಾನವಾಯಿತು, ಆದರೆ ಸಾಗಿತು. ಒಂದು ಡಬ್ಬಿಗೆ ನಾಲ್ಕು ಬಿತ್ತು, ಒಂದಕ್ಕೆ ಎರಡು. ಬುಧವಾರ ಮಾತ್ರ ಎದೆ ಧಸಕ್ಕೆನ್ನುವಂಥದ್ದು ನಡೆಯಿತು. ಒಂದು ಡಬ್ಬಿ ತುಂಬುವವರೆಗೂ ಬೀಜಗಳು ಒಮ್ಮೆಯೂ ಒಲಿಯಲಿಲ್ಲ. ಇಡೀ ಡಬ್ಬಿಯಲ್ಲಿ ಗಂಡಭೇರುಂಡವೇ ಇಲ್ಲ! ಒಂದಾದರೂ ತುರುಕಿಬಿಡೋಣವೆಂದು ದುರ್ಗವ್ವನವರ ಕೈ ಆ ಮೂಲೆಗೆ ಹೋಯಿತು. ಶಂಕ್ರವ್ವ ಆ ಕೈ ಹಿಡಿದುಕೊಂಡರು. ಡಬ್ಬಿ ಹಾಗೆಯೇ ಮುಚ್ಚಿತು, ಲಾರಿ ಹತ್ತಿತು.

ಭಾನುವಾರ. ಹೊಸ ಕಂತಿನ ಡಬ್ಬಿ ಒಡೆಯುವುದನ್ನು ಕಣ್ಣಾರೆ ನೋಡಲು ಪಂಚಾಕ್ಷರಿಯವರು ದುರ್ಗವ್ವನವರನ್ನು ಕರೆದುಕೊಂಡು ರುದ್ರಮುನಿಯವರ ಅಂಗಡಿಗೇ ಬಂದಿದ್ದಾರೆ. ಮೆಟ್ಟಿಲ ಮೇಲೆಲ್ಲಾ ಮಕ್ಕಳು. ಚೇತನಾ ಠೀವಿಯಿಂದ ಸಾಲಿನ ಮೂರನೆಯ ಪ್ಯಾಕೆಟ್ಟು ಎತ್ತಿ ಹರಿದು ಕೊನೆಯ ಕಾರ್ಡು ನೋಡುತ್ತಾಳೆ. ಮೊಸಳೆ. ಇನ್ನೊಂದು ಸಾಲಿನದು, ಅದರಲ್ಲೂ ಮೊಸಳೆ. ದುರ್ಗವ್ವ ಉಸಿರು ಬಿಡುತ್ತಾರೆ, ಆದರೆ ಆ ನೆಮ್ಮದಿ ಎಷ್ಟು ಹೊತ್ತು? ಉಳಿದ ಮಕ್ಕಳು ಹರಿದ ಪ್ಯಾಕೆಟ್ಟುಗಳಲ್ಲೂ ಹೊಳೆಯುವುದೇನೂ ಇಲ್ಲ. ಡಬ್ಬಿ ಅರ್ಧವಾಗುತ್ತದೆ, ಮುಕ್ಕಾಲಾಗುತ್ತದೆ. ಬುಧವಾರದ ಅದೇ ಡಬ್ಬಿ, ಅನುಮಾನವೇ ಇಲ್ಲ.

"ಲೋ, ಇದ್ರಲ್ಲಿ ಒಂದೂ ಇಲ್ಲ ಕಣ್ರೋ! ಫುಲ್ ಮೋಸ!" ಎಂದು ಒಬ್ಬ ಹುಡುಗ ಕಿರುಚುತ್ತಾನೆ. "ಹಳೇ ಕಾರ್ಡೂ ವೇಸ್ಟ್, ಹೊಸಾದೂ ವೇಸ್ಟ್ ಮಗಾ," ಎನ್ನುತ್ತಾನೆ ಮತ್ತೊಬ್ಬ. ಕೊನೆಯ ಪ್ಯಾಕೆಟ್ಟೂ ಖಾಲಿಯಾದಾಗ ರುದ್ರಮುನಿ ಮೊಬೈಲು ಹೊರತೆಗೆಯುತ್ತಾರೆ. "ಇರಿ, ಕಂಪನಿಗೇ ಮಾತಾಡ್ತೀನಿ. ಮಕ್ಕಳಿಗೆ ಟೋಪಿ ಹಾಕ್ತಾರಾ?"

ಪಂಚಾಕ್ಷರಿಯವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮುಂದೆ ಬರುವುದು ದುರ್ಗವ್ವ.

"ತಡೀರಿ ಅಣ್ಣಾರ. ತುಂಬಿದಾಕಿ ನಾನ," ಎನ್ನುತ್ತಾರೆ. "ಮೋಸ ಮಾಡಿಲ್ರಿ. ಬೀಜ ಬಿದ್ದಂಗ ಹಾಕೀನಿ." ಸೆರಗಿನ ಗಂಟು ಬಿಚ್ಚಿ, ಶಂಕ್ರವ್ವನಿಂದ ಕೇಳಿ ತಂದಿದ್ದ ಆ ನಾಲ್ಕು ಹುಣಸೆ ಬೀಜ ಚೇತನಾಳ ಕೈಗಿಡುತ್ತಾರೆ. "ನೀನ ಒಗಿಯವ್ವಾ, ಪ್ಯಾಕೇಟಿಗೆ ಒಂದ ಸಲ. ಎಲ್ಲಾ ಒಂದ ಬಣ್ಣ ಬಿದ್ರ ಆ ಹಕ್ಕಿ."

ಮಕ್ಕಳು ಮುತ್ತಿಕೊಳ್ಳುತ್ತಾರೆ. ಚೇತನಾ ಎಸೆಯುತ್ತಾಳೆ, ಉಳಿದವರು ಜೋರಾಗಿ ಎಣಿಸುತ್ತಾರೆ. ಇಪ್ಪತ್ತನಾಲ್ಕು ಸಲ, ಅಂದರೆ ಒಂದು ಡಬ್ಬಿಯಷ್ಟು ಎಸೆದಾಗ ಹಕ್ಕಿ ಮೂರು ಸಲ ಬೀಳುತ್ತದೆ. ಮತ್ತೊಂದು ಡಬ್ಬಿಯಷ್ಟಕ್ಕೆ ಐದು. ನಾನು, ನಾನು ಎಂದು ಬೀಜ ಕೈಯಿಂದ ಕೈಗೆ ಹೋಗುತ್ತದೆ. ರುದ್ರಮುನಿಯೂ ಮೊಬೈಲು ಹಿಡಿದುಕೊಂಡೇ ಬಗ್ಗಿ ನೋಡುತ್ತಿದ್ದಾರೆ. ಬಹಳ ಹೊತ್ತಿನ ಮೇಲೆ ಒಂದು ಸುತ್ತಿನಲ್ಲಿ ಎಷ್ಟು ಎಸೆದರೂ ಹಕ್ಕಿ ಬೀಳುವುದೇ ಇಲ್ಲ. ಸುತ್ತು ಮುಗಿದೇಹೋಗುತ್ತದೆ.

"ಅಯ್ಯೋ! ಇದೇ ನಮ್ ಡಬ್ಬಿ ಕಣ್ರೋ!" ಎಂದು ಚೇತನಾ ತಲೆ ಚಚ್ಚಿಕೊಳ್ಳುತ್ತಾಳೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ.

ರುದ್ರಮುನಿ ಮೊಬೈಲನ್ನು ಜೇಬಿಗಿಳಿಸುತ್ತಾರೆ. "ಸರಿ ಬಿಡಿ, ಹಣೆಬರಹಕ್ಕೆ ಯಾರನ್ನ ಬೈಯೋದು," ಎಂದು ಗೊಣಗಿ ಒಳಗಿಂದ ಎರಡನೆಯ ಡಬ್ಬಿ ತಂದು ಸೀಲು ಒಡೆಯುತ್ತಾರೆ. ಪಂಚಾಕ್ಷರಿಯವರು ಅಂಗಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಾರೆ. ದೂರು ಹೋಗಲಿಲ್ಲ.

ಮಕ್ಕಳ ಗುಂಪಿನಿಂದ ನುಸುಳಿಕೊಂಡು ಬಂದ ಚೇತನಾ ದುರ್ಗವ್ವನವರ ಕಿವಿಯ ಹತ್ತಿರ ಪಿಸುಗುಡುತ್ತಾಳೆ. "ಆಂಟಿ, ಪ್ಲೀಸ್ ಆಂಟಿ, ನನಗೊಬ್ಬಳಿಗೇ ಹೇಳಿ. ಇದ್ರಲ್ಲಿ ಎಲ್ಲಿದೆ?"

ದುರ್ಗವ್ವ ತೆರೆದ ಡಬ್ಬಿಯ ಕಡೆ ನೋಡುತ್ತಾರೆ. ವಾರದಿಂದ ಬಿಗಿದುಕೊಂಡಿದ್ದ ಮುಖ ಮೆಲ್ಲಗೆ ಅರಳುತ್ತದೆ.

"ಯವ್ವಾ, ಹಾಕಿದಾಕಿ ನಾನ. ಆದ್ರ ನನಗೂ ಗೊತ್ತಿಲ್ಲ."